ಡ್ರಿಲ್ ಉಜ್ಜುವ ಕಡೆ ಕೊಳ್ಳಿ, ಮರ ಕೂರುವ ಕಡೆ ಮಾಡಿಕೊಳ್ಳಿ

ಪ್ರಶ್ನೆ: ಸರ್, ನಾನು ಮೂಡಿಗೆರೆ ಕಡೆಯವನು. ನಮ್ಮ ಹಳೇ ಕಾಫಿ ಗೋಡೌನಿನ ಒಂದು ಮೂಲೆಯಲ್ಲಿ ಮರಗೆಲಸ ಶುರು ಮಾಡಿದ್ದೇನೆ. ಟೇಬಲ್ ಸಾ, ಡ್ರಿಲ್, ಟ್ರಿಮ್ಮರ್ ಇವೆ. ತೋಟದ ಸಿಲ್ವರ್ ಓಕ್ ಹಲಗೆ ಬೇಕಾದಷ್ಟಿದೆ. ಪರಿಚಯದವರೊಬ್ಬರು 25 ಜೇನುಪೆಟ್ಟಿಗೆ ಕೇಳಿದ್ದಾರೆ. ಹತ್ತಿರದ ಹೋಂಸ್ಟೇಯವರು 12 ಸ್ಟೂಲು ಮತ್ತು ಅಡುಗೆಮನೆಗೆ ಪ್ಲೈವುಡ್ ಕಪಾಟು ಕೇಳಿದ್ದಾರೆ. ಆನ್‌ಲೈನಿನಲ್ಲಿ ಪಾಕೆಟ್ ಹೋಲ್ ಜಿಗ್, ಡೋವೆಲ್ ಜಿಗ್, ಹಿಂಜ್ ಜಿಗ್, ಟೇಬಲ್ ಸಾ ಸ್ಲೆಡ್ ಎಲ್ಲ ಆರಿಸಿಟ್ಟಿದ್ದೇನೆ. ಒಟ್ಟು 15,000 ರೂಪಾಯಿ ದಾಟುತ್ತಿದೆ. ವಿಡಿಯೋ ನೋಡಿದರೆ ಎಲ್ಲವನ್ನೂ ಪ್ಲೈವುಡ್ ತುಂಡಿನಲ್ಲೇ ಮಾಡಿಕೊಳ್ಳಬಹುದು ಅನ್ನುತ್ತಾರೆ. ಕೊಳ್ಳಲಾ, ಮಾಡಿಕೊಳ್ಳಲಾ?

ಉತ್ತರ: ಸದ್ಯಕ್ಕೆ ಆರ್ಡರ್ ಹಾಕಬೇಡಿ. ಆ ನಾಲ್ಕರಲ್ಲಿ ನೀವು ಖಂಡಿತ ಕೊಳ್ಳಬೇಕಾದದ್ದು ಒಂದೇ, ಡೋವೆಲ್ ಜಿಗ್. ಎರಡು ಹಲಗೆ ಸೇರಿಸುವ ದುಂಡನೆ ಮರದ ಗೂಟ ಡೋವೆಲ್, ಅದಕ್ಕೆ ತೂತು ಕೊರೆಯಲು ದಾರಿ ತೋರಿಸುವುದು ಈ ಜಿಗ್. ಪಾಕೆಟ್ ಹೋಲ್ ಜಿಗ್ ಬೇಕೋ ಬೇಡವೋ ಆಮೇಲೆ ನೋಡೋಣ. ಸ್ಲೆಡ್ಡು, ಹಿಂಜ್ ಜಿಗ್ಗು ಎರಡನ್ನೂ ಶೆಡ್ಡಿನಲ್ಲೇ ಮಾಡಿಕೊಳ್ಳಿ. ಇನ್ನು, ನಿಮ್ಮ ಈ ಆರ್ಡರಿಗೆ ಎಲ್ಲಕ್ಕಿಂತ ಜಾಸ್ತಿ ಬೇಕಾದ ಜಿಗ್ ಒಂದಿದೆ. ಅದು ನಿಮ್ಮ ಪಟ್ಟಿಯಲ್ಲೇ ಇಲ್ಲ. ನಿಮ್ಮ ಅಳತೆಗೆ ಅದು ಯಾವ ಅಂಗಡಿಯಲ್ಲೂ ಸಿಗುವುದೂ ಇಲ್ಲ.

ಜಿಗ್ ಅನ್ನುವ ಮಾತು ಹೊಸದಾಗಿ ಕೇಳುವವರಿಗೆ ಹೇಳುತ್ತೇನೆ. ಒಂದು ಅಳತೆಯನ್ನೋ ಕೋನವನ್ನೋ ಒಮ್ಮೆ ಹಿಡಿದಿಟ್ಟುಕೊಂಡು, ಅದೇ ಕೆಲಸವನ್ನು ನೂರು ಸಲ ಒಂದೇ ಥರ ಮಾಡಿಸುವ ಸಾಧನ ಅದು. ಹಳೇ ಆಚಾರ್ರು ಕಿಟಕಿಗೆ ಸರಳು ಕೂರಿಸುವಾಗ ಟೇಪು ಹಿಡಿಯುತ್ತಿರಲಿಲ್ಲ. ಸರಳಿಗೂ ಸರಳಿಗೂ ನಡುವೆ ಒಂದು ಮರದ ತುಂಡು ಇಟ್ಟು ಗುರುತು ಹಾಕುತ್ತಾ ಹೋಗುತ್ತಿದ್ದರು. ಆ ತುಂಡೇ ಜಿಗ್ಗು. ಅದನ್ನು ದುಡ್ಡು ಕೊಟ್ಟು ತರಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ.

ಹಾಗಾದರೆ ಡೋವೆಲ್ ಜಿಗ್ ಮಾತ್ರ ಯಾಕೆ ಕೊಳ್ಳಬೇಕು? ಅಲ್ಲಿ ತಿರುಗುವ ಉಕ್ಕು ಜಿಗ್ಗನ್ನೇ ಉಜ್ಜುತ್ತದೆ. 18 ಮಿ.ಮೀ. ಪ್ಲೈವುಡ್ಡಿನಲ್ಲಿ 8 ಮಿ.ಮೀ. ತೂತು ಕೊರೆದು ಅದರೊಳಗೆ ಡ್ರಿಲ್ ಬಿಟ್ ಬಿಟ್ಟರೆ ಮೊದಲ ಹತ್ತಿಪ್ಪತ್ತು ತೂತು ಚೆನ್ನಾಗಿಯೇ ಬರುತ್ತವೆ. ಆಮೇಲೆ ಡ್ರಿಲ್ ಬಿಟ್ ಆ ಪ್ಲೈವುಡ್ಡನ್ನೂ ತಿನ್ನುತ್ತಾ ಹೋಗುತ್ತದೆ. ತೂತು ಅಗಲವಾಗಿ, ಡ್ರಿಲ್ ಬಿಟ್ ಅತ್ತಿತ್ತ ಓಲಾಡುತ್ತದೆ. ಡೋವೆಲ್ ಜೋಡಣೆಯಲ್ಲಿ ಎದುರುಬದುರು ತೂತು ಅರ್ಧ ಮಿಲಿಮೀಟರ್ ತಪ್ಪಿದರೂ ಎರಡು ಹಲಗೆ ಸಮ ಕೂರುವುದಿಲ್ಲ. ಹಾಗಾಗಿ ಅಲ್ಲಿ ಗಟ್ಟಿ ಮಾಡಿದ ಉಕ್ಕಿನ ಬುಷ್ ಬೇಕು, ಅಂದರೆ ಡ್ರಿಲ್ ಬಿಟ್ ಓಡಾಡುವ ಸಣ್ಣ ಕೊಳವೆ.

ಕೊಂಡ ಮಾತ್ರಕ್ಕೆ ಬುಷ್ ಗಟ್ಟಿಯಾಗಿರುತ್ತದೆ ಅಂತ ನಂಬಬೇಡಿ. ನಾನೇ ಒಮ್ಮೆ ಅಗ್ಗಕ್ಕೆ ಸಿಕ್ಕಿತು ಅಂತ ಫಳಫಳ ಹೊಳೆಯುವ ಒಂದು ಪಾಕೆಟ್ ಹೋಲ್ ಜಿಗ್ ತರಿಸಿದ್ದೆ. ಒಂದು ವಾರ್ಡ್‌ರೋಬ್ ಮುಗಿಯುವುದರೊಳಗೆ ಅದರ ಕೊಳವೆ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಈಗ ಡಬ್ಬಿ ತೆರೆದ ತಕ್ಷಣ ಒಂದು ಅರ ತೆಗೆದುಕೊಂಡು ಬುಷ್‌ನ ಅಂಚಿಗೆ ಮೆಲ್ಲಗೆ ಗೀರುತ್ತೇನೆ. ಅರ ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಉಕ್ಕು ಗಟ್ಟಿ. ಕಚ್ಚಿ ಪುಡಿ ಉದುರಿದರೆ ಮೆತ್ತಗಿನ ಕಬ್ಬಿಣ. ವಾಪಸು ಕಳಿಸಿಬಿಡಿ.

ನಿಮಗೇ ಬೇಕಾದ ಅಳತೆಯ ಡ್ರಿಲ್ ಜಿಗ್ ಬೇಕಾದರೆ ಇನ್ನೊಂದು ದಾರಿ ಇದೆ. ಲೇತ್ ಅಂಗಡಿಗೆ ಹೋಗಿ ಒಳಗೆ 8 ಮಿ.ಮೀ., ಹೊರಗೆ 14 ಮಿ.ಮೀ. ಇರುವ ನಾಲ್ಕು ಬುಷ್ ಮಾಡಿಸಿ. ಪಂಪು, ಟ್ರಾಕ್ಟರಿನ ಕೆಲಸ ಮಾಡುವ ಲೇತ್ ಅಂಗಡಿ ಸಣ್ಣ ಊರಿನಲ್ಲೂ ಇರುತ್ತದೆ, ಅಲ್ವಾ? ಅವರು ಮಾಡಿಕೊಡುವುದು ಸಾದಾ ಕಬ್ಬಿಣದ್ದು. ಸವೆಯುತ್ತದೆ, ಆದರೆ ಪ್ಲೈವುಡ್ಡಿನ ಹಾಗೆ ಒಂದೇ ದಿನಕ್ಕೆ ಅಲ್ಲ. ಸವೆದರೆ ಬುಷ್ ಮಾತ್ರ ಬದಲಿಸಿದರಾಯಿತು. ಜಿಗ್ಗಿನ ಮೈ ನಿಮ್ಮದು, ಉಜ್ಜುವ ಭಾಗ ಮಾತ್ರ ಕೊಂಡದ್ದು. ನನ್ನ ಶೆಡ್ಡಿನ ಅರ್ಧ ಜಿಗ್ಗುಗಳು ಇಂಥವೇ.

ಪಾಕೆಟ್ ಹೋಲ್ ವಿಷಯಕ್ಕೆ ಬರೋಣ. ಹಲಗೆಯ ಮೈಯಿಂದ ಸುಮಾರು 15 ಡಿಗ್ರಿ ಓರೆಯಾಗಿ ತೂತು ಕೊರೆದು ಸ್ಕ್ರೂ ಬಿಗಿಯುವ ವಿಧಾನ ಅದು. ಕಪಾಟಿಗೆ ಪರವಾಗಿಲ್ಲ. ಕೆಲಸ ಬೇಗ ಆಗುತ್ತದೆ, ಫೆವಿಕಾಲ್ ಒಣಗುವ ತನಕ ಕ್ಲಾಂಪ್ ಹಾಕಿ ಕಾಯಬೇಕಿಲ್ಲ. ಜೇನುಪೆಟ್ಟಿಗೆಗೆ ಬೇಡವೇ ಬೇಡ. ಓರೆ ತೂತಿನೊಳಗೆ ನೀರು ನಿಲ್ಲುತ್ತದೆ, ಹುಳ ಸೇರಿಕೊಳ್ಳುತ್ತದೆ. ಒಂದೇ ಒಂದು ಅಡುಗೆಮನೆಯ ಕೆಲಸಕ್ಕಾದರೆ ನಾನು ಕೊಳ್ಳುವುದಿಲ್ಲ. ಮುಂದೆಯೂ ಕಪಾಟಿನ ಕೆಲಸ ಹಿಡಿಯುವ ಯೋಚನೆ ಇದ್ದರೆ ಒಳ್ಳೆಯದೊಂದು ತೆಗೆದುಕೊಳ್ಳಿ. ಜೊತೆಗೆ ಅದರ ಸ್ಕ್ರೂನೂ ತರಿಸಿ. ಅದರ ತಲೆ ಅಡಿಯಲ್ಲಿ ವಾಷರ್ ಥರ ಚಪ್ಪಟೆ ಇರುತ್ತದೆ. ಅಂಗಡಿಯವರು ಕೊಡುವ ಕಪ್ಪು ಜಿಪ್ಸಮ್ ಸ್ಕ್ರೂನ ತಲೆ ಕೊಡೆಯ ಹಾಗೆ ಓರೆ. ಬಿಗಿದಷ್ಟೂ ಅದು ಬೆಣೆಯಂತೆ ಒಳಗಿಳಿಯುತ್ತದೆ. ಸಿಲ್ವರ್ ಓಕಿನಂಥ ಮೆತ್ತಗಿನ ಮರ ಅಂಚಿನ ಹತ್ತಿರ ಸೀಳಿಬಿಡುತ್ತದೆ.

ಹಿಂಜ್ ಜಿಗ್ಗಿಗೆ ಸುಮ್ನೆ ದುಡ್ಡು ಹಾಕಬೇಡಿ. ಕಪಾಟಿನ ಬಾಗಿಲಿನೊಳಗೆ ಕೂರುವ ಆಟೋ ಹಿಂಜಿನ ದುಂಡು ಬಟ್ಟಲಿನ ಅಗಲ 35 ಮಿ.ಮೀ. ಶಟರಿನ (ಕಪಾಟಿನ ಬಾಗಿಲಿನ) ಅಂಚಿಗೂ ಬಟ್ಟಲಿಗೂ ನಡುವೆ 5 ಮಿ.ಮೀ. ಬಿಡುವುದಾದರೆ, ಬಟ್ಟಲಿನ ಅರ್ಧ 17.5 ಕೂಡಿಸಿ, ನಡುಬಿಂದು ಅಂಚಿನಿಂದ 22.5 ಮಿ.ಮೀ. ಆಯಿತು. 6 ಮಿ.ಮೀ. ಪ್ಲೈವುಡ್ ತುಂಡಿನಲ್ಲಿ ಆ ಜಾಗಕ್ಕೆ ಒಂದು ಮೊಳೆಯ ತೂತು ಮಾಡಿ, ಒಂದು ಅಂಚಿಗೆ ರೀಪು ಅಂಟಿಸಿ. ರೀಪನ್ನು ಶಟರಿನ ಅಂಚಿಗೆ ಒತ್ತಿ ಮೊಳೆಯಿಂದ ಚುಚ್ಚಿದರೆ ನಡುಬಿಂದು ಸಿಕ್ಕಿತು. ಉಳಿದ ದುಡ್ಡಿನಲ್ಲಿ ಕಾರ್ಬೈಡ್ ತುದಿಯ ಒಳ್ಳೆ 35 ಮಿ.ಮೀ. ಬಿಟ್ ತನ್ನಿ. ಹಿಂಜು ಕೈಯಲ್ಲಿ ಹಿಡಿದು ಬಟ್ಟಲಿನ ಆಳ ಅಳೆದೇ ಕೊರೆಯಿರಿ. ಸಾಮಾನ್ಯವಾಗಿ 12, 13 ಮಿ.ಮೀ. ಬರುತ್ತದೆ. 18 ಮಿ.ಮೀ. ಶಟರಿನಲ್ಲಿ ಉಳಿಯುವುದು ಐದಾರು ಮಿ.ಮೀ. ಮಾತ್ರ. ಕೈ ಸ್ವಲ್ಪ ಜಾಸ್ತಿ ಒತ್ತಿದರೆ ಬಿಟ್ಟಿನ ಮೊನೆ ಆ ಕಡೆ ಲ್ಯಾಮಿನೇಟಿನಲ್ಲಿ ಇಣುಕುತ್ತದೆ. ಡ್ರಿಲ್ಲಿಗೆ ತಡೆ ಹಾಕಿಕೊಳ್ಳಿ.

ಇನ್ನು ಸ್ಲೆಡ್. ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು.

ಟೇಬಲ್ ಸಾ ಮೇಲೆ ಹಿಂದೆಮುಂದೆ ಜಾರುವ ಹಲಗೆ, ಅದರ ಮೇಲೆ ಬ್ಲೇಡಿಗೆ ನೇರ 90 ಡಿಗ್ರಿಗೆ ನಿಂತ ಫೆನ್ಸ್, ಅಂದರೆ ತುಂಡನ್ನು ಒತ್ತಿ ಹಿಡಿಯುವ ಅಡ್ಡ ತಡೆ. ಇಷ್ಟೇ ಸ್ಲೆಡ್ಡು. ಸ್ಲೆಡ್ಡಿನ ತಳದ ಪಟ್ಟಿ ಯಂತ್ರದ ಮೇಜಿನಲ್ಲಿರುವ ಸ್ಲಾಟಿನಲ್ಲಿ, ಅಂದರೆ ಉದ್ದನೆಯ ಸೀಳಿನಲ್ಲಿ ಓಡುತ್ತದೆ. ರೆಡಿಮೇಡ್ ಸ್ಲೆಡ್ಡಿನ ಪಟ್ಟಿ ಹೆಚ್ಚಾಗಿ 19 ಮಿ.ಮೀ. ಅಗಲದ ಸ್ಲಾಟಿಗೆ ಮಾಡಿದ್ದು. ಸಣ್ಣ ಯಂತ್ರಗಳಲ್ಲಿ ಎಲ್ಲದರ ಸ್ಲಾಟೂ ಅದೇ ಅಳತೆ ಇರುವುದಿಲ್ಲ. ಬ್ಲೇಡಿನಿಂದ ಸ್ಲಾಟ್ ಎಷ್ಟು ದೂರ ಅನ್ನುವುದಂತೂ ಒಂದೊಂದರಲ್ಲಿ ಒಂದೊಂದು ಥರ. ಅದಕ್ಕೇ ಸ್ಲೆಡ್ಡು ಆಯಾ ಯಂತ್ರದ ಮೇಲೇ ಹುಟ್ಟಬೇಕು ಅನ್ನುವುದು.

ತಳಕ್ಕೆ 12 ಮಿ.ಮೀ. ಪ್ಲೈವುಡ್, ಫೆನ್ಸಿಗೆ 18ರದ್ದು ಎರಡು ಪದರ ಅಂಟಿಸಿ. ನಿಮ್ಮ ಕಡೆಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ. ಜೂನ್ ಬಂತೆಂದರೆ ಅದರ ಅಂಚು ನೆನೆದ ರಸ್ಕಿನ ಹಾಗೆ ಊದಿಕೊಳ್ಳುತ್ತದೆ. ಮರದಿಂದ ನೇರ ಕೊಯ್ದ ಹಲಗೆಯೂ ಬೇಡ, ಅದು ನಿಮ್ಮ ತೋಟದಲ್ಲಿ ಪುಕ್ಕಟೆ ಸಿಕ್ಕರೂ. ಪ್ಲೈವುಡ್ಡಿನ ಪದರಗಳು ಒಂದಕ್ಕೊಂದು ಅಡ್ಡ ಇರುವುದರಿಂದ ಹಿಗ್ಗುವುದು ಕುಗ್ಗುವುದು ಬಹಳ ಕಡಿಮೆ.

ಸ್ಲಾಟಿನಲ್ಲಿ ಓಡುವ ಪಟ್ಟಿಯೇ ಎಲ್ಲರಿಗೂ ತಲೆನೋವು. ನಾನು ಹಾಸನದಲ್ಲಿ ಒಂದು ಮಾರ್ಚ್ ತಿಂಗಳು ತೇಗದ ಪಟ್ಟಿ ಹಾಕಿ ಸೊಗಸಾದ ಸ್ಲೆಡ್ ಮಾಡಿದ್ದೆ. ಬೆರಳಲ್ಲಿ ತಳ್ಳಿದರೆ ಸಾಕು, ಎಣ್ಣೆ ಹಚ್ಚಿದ ಹಾಗೆ ಹೋಗುತ್ತಿತ್ತು. ಸಕಲೇಶಪುರದ ಸ್ನೇಹಿತರೊಬ್ಬರ ಹತ್ತಿರವೂ ಅದೇ ಯಂತ್ರ ಇತ್ತು ಅಂತ ಅವರಿಗೆ ಕೊಟ್ಟೆ. ಜುಲೈನಲ್ಲಿ ಫೋನ್ ಬಂತು. ಸ್ಲೆಡ್ಡು ಸ್ಲಾಟಿನಲ್ಲಿ ಕಚ್ಚಿಕೊಂಡಿದೆ, ಕೊಡತಿಯಲ್ಲಿ ಬಡಿದು ಎಬ್ಬಿಸಬೇಕಾಯಿತು ಅಂದರು. ತಪ್ಪು ನನ್ನದೇ. ಬೇಸಿಗೆಯಲ್ಲಿ ಮರದೊಳಗೆ ಹತ್ತು ಪರ್ಸೆಂಟಿನ ಆಸುಪಾಸು ತೇವ ಇದ್ದರೆ, ವಾರಗಟ್ಟಲೆ ಬಿಡದೆ ಮಳೆ ಹಿಡಿದಾಗ ಅದು ಇಪ್ಪತ್ತರ ಹತ್ತಿರ ಹೋಗುತ್ತದೆ. 19 ಮಿ.ಮೀ. ಪಟ್ಟಿ ಕಾಲು ಮಿಲಿಮೀಟರ್ ದಪ್ಪ ಆದರೂ ಸಾಕು, ಬಿಗಿ ಹಿಡಿಯುತ್ತದೆ. ಬಿಗಿ ಆಯಿತು ಅಂತ ಆ ಮಳೆಯಲ್ಲೇ ಕೀಸಿದಿರೋ, ಜನವರಿಯಲ್ಲಿ ಅದು ಲೊಡಲೊಡ.

ಅದಕ್ಕೆ ಅಲ್ಯೂಮಿನಿಯಂ ಕಿಟಕಿ ಮಾಡುವವರ ಹತ್ತಿರ ನಿಮ್ಮ ಸ್ಲಾಟಿನ ಅಳತೆಯ ಪಟ್ಟಿ ಕೇಳಿ. ಸಿಗದಿದ್ದರೆ ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಮಣೆ ತಂದು ಅದನ್ನೇ ಪಟ್ಟಿಯಾಗಿ ಸೀಳಿ. ಅದು ನೀರು ಹೀರುವುದಿಲ್ಲ, ಚೆನ್ನಾಗಿ ಜಾರುತ್ತದೆ. ಫೆವಿಕಾಲ್ ಅದಕ್ಕೆ ಹಿಡಿಯುವುದಿಲ್ಲ, ಸ್ಕ್ರೂ ಹಾಕಬೇಕು. ತೀರಾ ಬಿಗಿದರೆ ಸ್ಕ್ರೂ ಇರುವ ಕಡೆ ಪಕ್ಕಕ್ಕೆ ಉಬ್ಬುತ್ತದೆ, ಜೋಪಾನ.

ಈಗ 90 ಡಿಗ್ರಿ. ಮೂಲೆಮಟ್ಟ ಇಟ್ಟು ಫೆನ್ಸ್ ಕೂರಿಸಿದರೆ ಆಗಲ್ವಾ ಅಂದರೆ, ಮೊದಲು ಮೂಲೆಮಟ್ಟವೇ ಸರಿ ಇದೆಯಾ ನೋಡಿ. ನೇರ ಅಂಚಿನ ಪ್ಲೈವುಡ್ ಮೇಲೆ ಮೂಲೆಮಟ್ಟ ಇಟ್ಟು ಒಂದು ಗೆರೆ ಎಳೆಯಿರಿ. ಮಗುಚಿ ಇಟ್ಟು ಅದೇ ಜಾಗದಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಬಂದರೆ ಸರಿ. ತುದಿಯಲ್ಲಿ ಕವಲಾದರೆ, ಆ ಸಂದಿನ ಅರ್ಧದಷ್ಟು ತಪ್ಪು ನಿಮ್ಮ ಮೂಲೆಮಟ್ಟದ್ದು. ಜಿಗ್ಗಿಗೆ ಸ್ವಂತ ಬುದ್ಧಿ ಇಲ್ಲ. ನೀವು ಹಾಕಿದ ತಪ್ಪನ್ನೇ ಅದು ಪ್ರತಿ ಸಲವೂ ನಿಷ್ಠೆಯಿಂದ ಮಾಡುತ್ತದೆ.

ಆಮೇಲೆ ಐದು ಕತ್ತರಿಕೆಯ ಪರೀಕ್ಷೆ ಮಾಡಿ. ಫೆನ್ಸಿನ ಒಂದು ತುದಿಗೆ ಒಂದೇ ಸ್ಕ್ರೂ ಬಿಗಿದು, ಇನ್ನೊಂದು ತುದಿಯನ್ನು ಕ್ಲಾಂಪಿನಲ್ಲಿ ಹಿಡಿದಿರಲಿ. 400 ಮಿ.ಮೀ. ಚೌಕದ ಒಂದು ಪ್ಲೈವುಡ್ ತೆಗೆದುಕೊಳ್ಳಿ. ಒಂದು ಅಂಚು ಕತ್ತರಿಸಿ. ಕತ್ತರಿಸಿದ ಅಂಚನ್ನು ಫೆನ್ಸಿಗೆ ಒತ್ತಿ ಪಕ್ಕದ ಅಂಚು ಕತ್ತರಿಸಿ. ಹೀಗೇ ನಾಲ್ಕೂ ಸುತ್ತಿ ಬಂದು, ಐದನೇ ಸಲ ಮೊದಲ ಅಂಚಿನಿಂದ ಒಂದು ಇಂಚು ಅಗಲದ ಪಟ್ಟಿ ಕತ್ತರಿಸಿ. ಆ ಪಟ್ಟಿಯ ಎರಡು ತುದಿಯ ಅಗಲವನ್ನು ವರ್ನಿಯರ್‌ನಲ್ಲಿ, ಅಂದರೆ ಮಿಲಿಮೀಟರಿನ ಭಾಗವನ್ನೂ ತೋರಿಸುವ ಅಳತೆ ಸಾಧನದಲ್ಲಿ ಅಳೆಯಿರಿ. ಒಂದು ತುದಿ 25.6, ಇನ್ನೊಂದು 24.8 ಬಂತು ಅನ್ನಿ. ವ್ಯತ್ಯಾಸ 0.8. ತಪ್ಪು ನಾಲ್ಕು ಮೂಲೆಯಲ್ಲಿ ನಾಲ್ಕು ಸಲ ಕೂಡಿದ್ದರಿಂದ ನಾಲ್ಕರಿಂದ ಭಾಗಿಸಿ. 400 ಮಿ.ಮೀ. ಉದ್ದಕ್ಕೆ 0.2 ಮಿ.ಮೀ. ತಪ್ಪು ಅಂತಾಯಿತು. ನಿಮ್ಮ ಫೆನ್ಸು ಸ್ಕ್ರೂನಿಂದ ಕ್ಲಾಂಪಿನ ತನಕ 600 ಮಿ.ಮೀ. ಇದ್ದರೆ, ಆ ತುದಿಯನ್ನು 0.3 ಮಿ.ಮೀ. ಸರಿಸಬೇಕು.

0.3 ಸರಿಸೋದು ಹೇಗೆ? ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ನೋಡಲು ಇಟ್ಟುಕೊಂಡಿರುವ, ತೆಳು ಉಕ್ಕಿನ ಎಲೆಗಳ ಫೀಲರ್ ಗೇಜ್ ಇದೆಯಲ್ಲ, ಅದರಲ್ಲಿ 0.30ರ ಎಲೆ ಇರುತ್ತದೆ. ಫೆನ್ಸಿನ ಹಿಂದೆ ಒಂದು ಮರದ ತುಂಡು ಒತ್ತಿ ಕ್ಲಾಂಪ್ ಮಾಡಿ, ನಡುವೆ ಆ ಎಲೆ ತೂರಿಸಿ, ಫೆನ್ಸನ್ನು ಅಷ್ಟೇ ಸರಿಸಿ ಬಿಗಿಯಿರಿ. ಗೇಜ್ ಇಲ್ಲದಿದ್ದರೆ ಜೆರಾಕ್ಸ್ ಕಾಗದ ಮೂರು ಹಾಳೆ. ಒಂದು ಹಾಳೆ ಹೆಚ್ಚುಕಡಿಮೆ 0.1 ಮಿ.ಮೀ. ಮತ್ತೆ ಪರೀಕ್ಷೆ ಮಾಡಿದಾಗ ವ್ಯತ್ಯಾಸ ಜಾಸ್ತಿಯಾಗಿದ್ದರೆ ಸರಿಸಿದ್ದು ಉಲ್ಟಾ ಕಡೆಗೆ ಅಂತ ಅರ್ಥ. ನನಗೂ ಎಷ್ಟೋ ಸಲ ಹಾಗಾಗಿದೆ. ಅರ್ಧ ದಿನ ಹೋಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಪೇಟೆಯ ಸ್ಲೆಡ್ಡಿಗೂ ಈ ಪರೀಕ್ಷೆ ಹೇಗೂ ಬೇಕೇ ಬೇಕು.

ಎರಡು ಎಚ್ಚರಿಕೆ. ಕೊನೆಗೆ ಬ್ಲೇಡು ಫೆನ್ಸನ್ನು ದಾಟಿ ನಿಮ್ಮ ಹೊಟ್ಟೆಯ ಕಡೆ ಹೊರಬರುತ್ತದೆ. ಆ ಜಾಗಕ್ಕೆ ಮೂರಿಂಚು ದಪ್ಪದ ಮರದ ದಿಮ್ಮಿ ಅಂಟಿಸಿ. ಬ್ಲೇಡು ಹೋಗುವ ದಾರಿಯಲ್ಲಿ ಸ್ಕ್ರೂ ಹಾಕಬೇಡಿ. ಇನ್ನೊಂದು, ಸ್ಲೆಡ್ಡಿನಲ್ಲಿ ಕತ್ತರಿಸುವಾಗ ಟೇಬಲ್ ಸಾ ಫೆನ್ಸಿಗೆ ತುಂಡಿನ ತುದಿ ತಾಗಿಸಿ ಅಳತೆ ಹಿಡಿಯಬೇಡಿ. ಕತ್ತರಿಸಿದ ತುಂಡು ಬ್ಲೇಡಿಗೂ ಫೆನ್ಸಿಗೂ ನಡುವೆ ಸಿಕ್ಕಿ, ಕವಣೆಕಲ್ಲಿನ ಹಾಗೆ ನಿಮ್ಮ ಕಡೆ ಹಾರುತ್ತದೆ. ಅಳತೆಯ ತಡೆತುಂಡು ಸ್ಲೆಡ್ಡಿನ ಫೆನ್ಸಿಗೇ ಕ್ಲಾಂಪ್ ಆಗಿರಲಿ.

ಈಗ ನಿಮ್ಮ ಪಟ್ಟಿಯಲ್ಲಿಲ್ಲದ ಜಿಗ್ಗಿನ ಮಾತು. ಅದು ಜೇನು ಎರಿ ಕಟ್ಟುವ ಮರದ ಚೌಕಟ್ಟನ್ನು, ಅಂದರೆ ಫ್ರೇಮನ್ನು ಜೋಡಿಸುವ ಜಿಗ್ಗು. ಜೇನುಪೆಟ್ಟಿಗೆಯ ಲೆಕ್ಕ ಹಾಕಿ. ಒಂದು ಪೆಟ್ಟಿಗೆಗೆ ಎರಡು ಕೋಣೆ, ಕೋಣೆಗೆ ಎಂಟು ಫ್ರೇಮು ಅಂದುಕೊಂಡರೂ 25 ಪೆಟ್ಟಿಗೆಗೆ 400 ಫ್ರೇಮು. ಒಂದೊಂದಕ್ಕೆ ನಾಲ್ಕು ಕಡ್ಡಿ. 1,600 ಕಡ್ಡಿ! ಪೆಟ್ಟಿಗೆ ಕಷ್ಟ ಅಂತ ನೀವು ಅಂದುಕೊಂಡಿರಬಹುದು. ನಿಮ್ಮ ಸಮಯ ತಿನ್ನುವುದು ಫ್ರೇಮು.

ಅದೂ ಹೆಚ್ಚುಕಡಿಮೆ ಆದರೆ ನಡೆಯುವ ಕೆಲಸ ಅಲ್ಲ. 1851ರಲ್ಲಿ ಅಮೆರಿಕದ ಜೇನುಸಾಕಣೆಗಾರ ಲ್ಯಾಂಗ್‌ಸ್ಟ್ರಾತ್ ಗಮನಿಸಿದ್ದು ಇದನ್ನೇ. ಫ್ರೇಮಿಗೂ ಪೆಟ್ಟಿಗೆಯ ಗೋಡೆಗೂ ನಡುವೆ ಸುಮಾರು 6ರಿಂದ 9 ಮಿ.ಮೀ. ಜಾಗ ಬಿಟ್ಟರೆ ಜೇನು ಅದನ್ನು ಓಡಾಡುವ ದಾರಿ ಅಂತ ಬಿಟ್ಟುಕೊಡುತ್ತದೆ. ಕಡಿಮೆಯಾದರೆ ಮೆತ್ತಿ ಮುಚ್ಚುತ್ತದೆ, ಜಾಸ್ತಿಯಾದರೆ ಅಲ್ಲೂ ಎರಿ ಕಟ್ಟುತ್ತದೆ. ಎರಡರಲ್ಲೂ ಫ್ರೇಮು ಗೋಡೆಗೆ ಅಂಟಿಕೊಂಡು ಎತ್ತಲಿಕ್ಕೇ ಬರುವುದಿಲ್ಲ. ನಮ್ಮ ತುಡುವೆ ಜೇನು ಲ್ಯಾಂಗ್‌ಸ್ಟ್ರಾತ್ ಸಾಕಿದ ಜೇನಿಗಿಂತ ಸಣ್ಣದು. ಆದ್ದರಿಂದ ಕೇಳಿದವರ ಹತ್ತಿರ ಈಗಿರುವ ಪೆಟ್ಟಿಗೆಯನ್ನೇ ಒಂದು ದಿನ ತಂದಿಟ್ಟುಕೊಂಡು ಅಳತೆ ತೆಗೆಯಿರಿ. ಅವರ ಹಳೇ ಫ್ರೇಮು ನಿಮ್ಮ ಪೆಟ್ಟಿಗೆಗೂ, ನಿಮ್ಮದು ಅವರ ಪೆಟ್ಟಿಗೆಗೂ ಕೂರಬೇಕು.

ಜಿಗ್ಗು ಹೀಗೆ. ತಳವೂ ಮುಚ್ಚಳವೂ ಇಲ್ಲದ ಒಂದು ಪ್ಲೈವುಡ್ ಪೆಟ್ಟಿಗೆ ಮಾಡಿ. ಅದರೊಳಗೆ ಹತ್ತು ಜೊತೆ ಪಕ್ಕದ ಕಡ್ಡಿಗಳು ಎರಡೂ ಗೋಡೆಗೆ ಒತ್ತಿ ಸಾಲಾಗಿ ನಿಲ್ಲಬೇಕು. ಒಳಗಿನಿಂದ ಒಂದೊಂದು ಅಡ್ಡಪಟ್ಟಿ ಅವನ್ನು ಒತ್ತಿ ಹಿಡಿಯಲಿ. ಮೇಲಿನ ಕಡ್ಡಿಗೆ ಫೆವಿಕಾಲ್ ಹಚ್ಚಿ ಹತ್ತಕ್ಕೂ ಮೊಳೆ ಹೊಡೆಯಿರಿ. ಇಡೀ ಜಿಗ್ಗನ್ನು ಮಗುಚಿ ಕೆಳಗಿನ ಕಡ್ಡಿಗೂ ಹೊಡೆಯಿರಿ. ಅಡ್ಡಪಟ್ಟಿ ಎಳೆದರೆ ಹತ್ತು ಫ್ರೇಮು ಒಟ್ಟಿಗೆ ಹೊರಗೆ. ಒಳಗಿನ ಅಳತೆಗೆ ಅರ್ಧ ಮಿಲಿಮೀಟರ್ ಸಡಿಲ ಕೊಡಿ, ಇಲ್ಲದಿದ್ದರೆ ಹೊರಗೆ ಸೋರಿದ ಅಂಟು ಜಿಗ್ಗಿಗೂ ಹಿಡಿದುಬಿಡುತ್ತದೆ. ಒಳಗೋಡೆಗೆ ಮೇಣದಬತ್ತಿ ಉಜ್ಜಿ.

ಪೆಟ್ಟಿಗೆಯ ಮೂಲೆಗೆ ಬೆರಳು ಹೆಣೆದ ಹಾಗಿನ ಜೋಡಣೆ ಮಾಡುವ ಆಸೆ ಇದ್ದರೆ ಅದರ ಜಿಗ್ಗನ್ನೂ ನೀವೇ ಮಾಡಬಹುದು. ಅಲ್ಲಿ ತಪ್ಪು ಕೂಡುತ್ತಾ ಹೋಗುತ್ತದೆ ಅನ್ನುವುದು ಮಾತ್ರ ನೆನಪಿರಲಿ. ಒಂದು ಬೆರಳಿಗೆ 0.1 ಮಿ.ಮೀ. ತಪ್ಪಿದರೆ ಹದಿನೈದನೇ ಬೆರಳಿಗೆ ಒಂದೂವರೆ ಮಿಲಿಮೀಟರ್. ಮೊದಲ ಸಲಕ್ಕೆ ಹಲಗೆಯ ತುದಿಯನ್ನು ಅರ್ಧ ದಪ್ಪಕ್ಕೆ ಕೊರೆದು ಕೂರಿಸಿ, ಅಂಟು ಮೊಳೆ ಹೊಡೆದರೆ ಸಾಕು. ಜೇನು ಬಂದು ಮೂಲೆ ನೋಡುವುದಿಲ್ಲ.

ಸ್ಟೂಲಿನ ಕಾಲಿಗೆ ಓರೆ ತೂತು ಕೊರೆಯುವ ಜಿಗ್ಗಿನಲ್ಲಿ ನಾನು ಕೈಸುಟ್ಟುಕೊಂಡ ಕಥೆ ಹೇಳಿಬಿಡುತ್ತೇನೆ. ಒಂದು ಶಾಲೆಗೆ ಒಂಬತ್ತು ಸ್ಟೂಲು, 36 ಕಾಲು. ಜಿಗ್ಗು ಎಷ್ಟು ಚೆನ್ನಾಗಿತ್ತೆಂದರೆ ಒಂದೇ ಸಂಜೆಗೆ ಅಷ್ಟೂ ಕಾಲಿಗೆ ಅಡ್ಡಪಟ್ಟಿಯ ತೂತು ಕೊರೆದು ಮುಗಿಸಿದ್ದೆ. ಬೆಳಿಗ್ಗೆ ಜೋಡಿಸಲು ಕೂತಾಗ ಗೊತ್ತಾಯಿತು, ಮೂವತ್ತಾರಕ್ಕೆ ಮೂವತ್ತಾರೂ ಎಡಗಾಲು! ಹೊರಕ್ಕೆ ಓರೆಯಾಗಿ ನಿಲ್ಲುವ ಕಾಲಿನಲ್ಲಿ ಎಡ ಬಲ ಅಂತ ಇರುತ್ತದೆ, ಒಂದಕ್ಕೊಂದು ಕನ್ನಡಿಯ ಹಾಗೆ. ಹದಿನೆಂಟು ಕಾಲು ಒಲೆ ಸೇರಿದವು. ಈಗ ಇಂಥ ಜಿಗ್ಗನ್ನು ಎರಡೂ ಕಡೆಯಿಂದ ಬಳಸುವ ಹಾಗೆ ಮಾಡುತ್ತೇನೆ. ಒಂದು ಮುಖಕ್ಕೆ ‘ಎಡ’, ಇನ್ನೊಂದಕ್ಕೆ ‘ಬಲ’ ಅಂತ ದಪ್ಪ ಮಾರ್ಕರಿನಲ್ಲಿ ಬರೆಯುತ್ತೇನೆ. ನೀವೂ ಮೊದಲು ರೀಪಿನ ತುಂಡಿನಲ್ಲಿ ಒಂದು ಇಡೀ ಸ್ಟೂಲು ಜೋಡಿಸಿ ನೋಡಿ, ಆಮೇಲೆ 48 ಕಾಲಿಗೆ ಕೈಹಾಕಿ.

ಎಲ್ಲಕ್ಕೂ ಜಿಗ್ ಮಾಡಲು ಹೋಗಬೇಡಿ ಅಂತಲೂ ಹೇಳಬೇಕು. ನಾಲ್ಕು ತುಂಡಿನ ಕೆಲಸಕ್ಕೆ ಮೂಲೆಮಟ್ಟ, ಪೆನ್ಸಿಲ್ಲು ಸಾಕು. ಜಿಗ್ ಮಾಡುವುದೇ ಒಂದು ಚಟ. ಗೋಡೆ ತುಂಬ ಜಿಗ್ ನೇತುಹಾಕಿ ಒಂದು ಸ್ಟೂಲನ್ನೂ ಮುಗಿಸದವರನ್ನು ನೋಡಿದ್ದೇನೆ. ಅದೇ ಕೆಲಸ ಎರಡನೇ ಸಲ ಬಂದಾಗ ಮಾಡಿ.

ನಿಮ್ಮ 15,000ದಲ್ಲಿ ಮೊದಲು ಒಂದು ನಂಬಬಹುದಾದ ಮೂಲೆಮಟ್ಟ ಮತ್ತು ವರ್ನಿಯರ್ ತನ್ನಿ. ಆಮೇಲೆ ಒಳ್ಳೆ ಡೋವೆಲ್ ಜಿಗ್ಗು, 35ರ ಡ್ರಿಲ್ ಬಿಟ್, ಒಂದು ನಾಲ್ಕು ಟಾಗಲ್ ಕ್ಲಾಂಪು (ಹಿಡಿಕೆ ಮಡಚಿದರೆ ತುಂಡನ್ನು ಒತ್ತಿ ಹಿಡಿಯುವಂಥದ್ದು), ಬೋಲ್ಟು ಗುಬುಟು. ಕ್ಲಾಂಪು ಗುಬುಟನ್ನು ಒಂದು ಜಿಗ್ಗಿನಿಂದ ಬಿಚ್ಚಿ ಇನ್ನೊಂದಕ್ಕೆ ಹಾಕಿಕೊಳ್ಳಬಹುದು. ಒಂದು ಶೀಟು ಪ್ಲೈವುಡ್. ಕಪಾಟಿನ ಕೆಲಸ ಮುಗಿದ ಮೇಲೆ ಉಳಿಯುವ ತುಂಡುಗಳೇ ಸಾಕಾದರೂ ಆಗಬಹುದು. ಉಳಿದದ್ದು ಕೈಯಲ್ಲಿರಲಿ.

ನೀವು ಕೇಳದಿದ್ದರೂ ಒಂದು ಮಾತು. ಕಾಫಿ ಗೋಡೌನ್ ಅಂದಿದ್ದೀರಿ. ಜಿಗ್ಗನ್ನು ನೆಲದ ಮೇಲೆ ಗೋಡೆಗೆ ಒರಗಿಸಿ ಇಡಬೇಡಿ. ಮಳೆಗಾಲದಲ್ಲಿ ನೆಲದ ತೇವಕ್ಕೆ ಬಗ್ಗುತ್ತದೆ, ಗೋಡೆಯ ಬುಡದಿಂದ ಗೆದ್ದಲು ಹತ್ತುತ್ತದೆ. ಅಂಚುಗಳಿಗೆ ಎರಡು ಕೋಟು ವಾರ್ನಿಶ್ ಹೊಡೆದು ಅಡ್ಡೆಯಿಂದ ತಂತಿಯಲ್ಲಿ ನೇತುಹಾಕಿ. ಸೆಪ್ಟೆಂಬರ್ ಕಳೆದು ಮಳೆ ಬಿಟ್ಟ ಮೇಲೆ ಒಮ್ಮೆ, ಮಾರ್ಚಿನಲ್ಲಿ ಒಮ್ಮೆ ಸ್ಲೆಡ್ಡಿಗೆ ಆ ಐದು ಕತ್ತರಿಕೆಯ ಪರೀಕ್ಷೆ ಮಾಡಿ, ತಾರೀಕನ್ನು ಅದರ ಬೆನ್ನ ಮೇಲೇ ಬರೆದಿಡಿ.